ಜೇಸನ್ ಸ್ಕೀಮಾ, ಪ್ರೋಟೋಬಫ್, ಆವ್ರೋ: ಹಂಚಿಕೊಳ್ಳುವ ದತ್ತಾಂಶಕ್ಕೆ ಯಾವ ಸ್ಕೀಮಾ?

ಬಸ್ಸಿನ ಕಂಡಕ್ಟರ್ ಕೈಯಲ್ಲಿರುವ ಯಂತ್ರದಿಂದ ಒಂದು ಟಿಕೆಟ್ ಹೊರಬಂದಾಗ ಅದರ ಜೊತೆಗೇ ಒಂದು ದಾಖಲೆಯೂ ಹುಟ್ಟುತ್ತದೆ: ಟಿಕೆಟ್ ಸಂಖ್ಯೆ, ಹತ್ತಿದ ನಿಲ್ದಾಣ, ಇಳಿಯುವ ನಿಲ್ದಾಣ, ದರ, ಸಮಯ. ಈ ದಾಖಲೆ ಮೊದಲು ಯಂತ್ರದ ಮೆಮೊರಿಯಲ್ಲಿ ಇರುತ್ತದೆ, ನೆಟ್‌ವರ್ಕ್ ಸಿಕ್ಕಾಗ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ಎಪಿಐ (ಪ್ರೋಗ್ರಾಮ್‌ಗಳು ಪರಸ್ಪರ ದತ್ತಾಂಶ ಕೇಳಿ ಪಡೆಯುವ ದಾರಿ) ಮೂಲಕ ಮೊಬೈಲ್ ಆ್ಯಪ್‌ಗಳಿಗೂ ಲೆಕ್ಕಪತ್ರ ವಿಭಾಗಕ್ಕೂ ತಲುಪುತ್ತದೆ, ಕೊನೆಗೆ ವರ್ಷಗಟ್ಟಲೆ ಉಳಿಯಬೇಕಾದ ಸಂಗ್ರಹವನ್ನು ಸೇರುತ್ತದೆ. ಈ ನಾಲ್ಕೂ ಕಡೆಯ ಪ್ರೋಗ್ರಾಮ್‌ಗಳು ದಾಖಲೆಯ ರಚನೆಯ ಬಗ್ಗೆ ಒಂದೇ ಮಾತಿನಲ್ಲಿ ನಿಲ್ಲಬೇಕು. ಆ ರಚನೆಯನ್ನು ಬರೆದಿಟ್ಟ ವಿವರಣೆಯೇ ಸ್ಕೀಮಾ, ಅದರಲ್ಲಿನ ದರ, ಸಮಯದಂಥ ಒಂದೊಂದು ಅಂಶವೂ ಒಂದು ಫೀಲ್ಡ್. ಆದರೆ ಅವೆಲ್ಲವೂ ಒಂದೇ ದಿನ ಬದಲಾಗುವುದಿಲ್ಲ. ಸರ್ವರ್‌ನ ಕೋಡ್ ಇವತ್ತು ಸಂಜೆ ಬದಲಾಗಬಹುದು, ದೂರದ ಡಿಪೋದ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಬರಲು ವಾರಗಳು ಹಿಡಿಯಬಹುದು, ಮೂರು ವರ್ಷದ ಹಿಂದೆ ಬರೆದಿಟ್ಟ ಕಡತವಂತೂ ಬರೆದ ಹಾಗೆಯೇ ಇರುತ್ತದೆ.

ಈ ಕೆಲಸಕ್ಕೆ ಹೆಚ್ಚಾಗಿ ಕೇಳಿಬರುವ ಮೂರು ಆಯ್ಕೆಗಳು ಜೇಸನ್ ಸ್ಕೀಮಾ, ಪ್ರೋಟೋಕಾಲ್ ಬಫರ್ಸ್ (ಚಿಕ್ಕದಾಗಿ ಪ್ರೋಟೋಬಫ್) ಮತ್ತು ಆವ್ರೋ. ಜೇಸನ್ ದತ್ತಾಂಶವನ್ನು ಕಣ್ಣಿಗೆ ಓದಲು ಬರುವ ಪಠ್ಯವಾಗಿ ಬರೆಯುತ್ತದೆ, ಉಳಿದೆರಡು ಬೈನರಿ ರೂಪದಲ್ಲಿ, ಅಂದರೆ ಯಂತ್ರ ಮಾತ್ರ ಓದುವ ಬೈಟ್‌ಗಳಾಗಿ ಬರೆಯುತ್ತವೆ. ಇವುಗಳ ಹೋಲಿಕೆ ಸಾಮಾನ್ಯವಾಗಿ ವೇಗ ಮತ್ತು ಗಾತ್ರದ ಕೋಷ್ಟಕದಿಂದ ಆರಂಭವಾಗುತ್ತದೆ. ನಾನು ಅಲ್ಲಿಂದ ಆರಂಭಿಸುವುದಿಲ್ಲ, ಏಕೆಂದರೆ ವೇಗ ಸಾಲದೆ ಸ್ಕೀಮಾ ಬದಲಿಸಿದ ತಂಡಗಳಿಗಿಂತ, ಒಂದು ಫೀಲ್ಡ್ ಬದಲಿಸಲು ಹೋಗಿ ಹಳೆಯ ದತ್ತಾಂಶವನ್ನು ಓದಲಾರದೆ ಕಂಗೆಟ್ಟ ತಂಡಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದು: ಈ ವ್ಯವಸ್ಥೆಯಲ್ಲಿ ಒಂದು ಫೀಲ್ಡ್‌ನ ಗುರುತು ಎಲ್ಲಿದೆ?

ಜೇಸನ್‌ನಲ್ಲಿ ಗುರುತು ಇರುವುದು ಹೆಸರಿನಲ್ಲಿ. ಪ್ರೋಟೋಬಫ್‌ನಲ್ಲಿ ಗುರುತು ಒಂದು ಸಂಖ್ಯೆ. ಆವ್ರೋದಲ್ಲಿ ಬರೆದ ಬೈಟ್‌ಗಳೊಳಗೆ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ. ಬರೆದವರು ಬಳಸಿದ ಸ್ಕೀಮಾವೇ ಗುರುತು, ಅದು ಕೈಯಲ್ಲಿದ್ದರೆ ಮಾತ್ರ ಬೈಟ್‌ಗಳಿಗೆ ಅರ್ಥ ಬರುತ್ತದೆ. ಮುಂದಿನ ಎಲ್ಲ ಅನುಕೂಲ, ಅನನುಕೂಲಗಳೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಒಂದು ಸಣ್ಣ ಲೆಕ್ಕ ನೋಡೋಣ. ಟಿಕೆಟ್ ದರ 45 ರೂಪಾಯಿ, ಅಂದರೆ 4500 ಪೈಸೆ. ಇಂಗ್ಲಿಷ್ ಲಿಪಿಯಲ್ಲಿ ಹತ್ತು ಅಕ್ಷರಗಳ ಹೆಸರುಳ್ಳ ಫೀಲ್ಡ್‌ನಲ್ಲಿ ಇದನ್ನು ಜೇಸನ್ ಆಗಿ ಬರೆದರೆ ಹೆಸರಿಗೆ 10, ಎರಡು ಉದ್ಧರಣ ಚಿಹ್ನೆಗೆ 2, ನಡುವಿನ ವಿವರಣ ಚಿಹ್ನೆಗೆ (:) 1, ಅಂಕಿಗಳಿಗೆ 4, ಒಟ್ಟು 17 ಬೈಟ್ ಬೇಕು. ಪ್ರೋಟೋಬಫ್‌ನಲ್ಲಿ ಫೀಲ್ಡ್ ಸಂಖ್ಯೆಗೆ 1 ಮತ್ತು ಮೌಲ್ಯಕ್ಕೆ 2, ಒಟ್ಟು 3 ಬೈಟ್ ಸಾಕು. ಆವ್ರೋದಲ್ಲಿ ಮೌಲ್ಯದ 2 ಬೈಟ್ ಮಾತ್ರ. ಅಂತರ ದೊಡ್ಡದೇ, ಆದರೆ ಜೇಸನ್ ಕಡತದಲ್ಲಿ ಅದೇ ಹೆಸರುಗಳು ಸಾವಿರ ಸಲ ಮರುಕಳಿಸುವುದರಿಂದ ಜಿಜಿಪ್‌ನಂಥ ಸಂಕೋಚನ ಅವನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಆದ್ದರಿಂದ ಗಾತ್ರವೊಂದನ್ನೇ ನೋಡಿ ತೀರ್ಮಾನಿಸಬಾರದು.

ಜೇಸನ್ ಸ್ಕೀಮಾ: ಅಪರಿಚಿತರೊಡನೆ ಮಾತಾಡುವಾಗ

ನಿಮ್ಮ ಎಪಿಐ ಬಳಸುವವರು ಯಾರೆಂದು ನಿಮಗೆ ಗೊತ್ತಿಲ್ಲದಿದ್ದರೆ, ಅವರ ಭಾಷೆ, ಉಪಕರಣ, ಅನುಭವ ಯಾವುದೂ ನಿಮ್ಮ ಕೈಯಲ್ಲಿಲ್ಲದಿದ್ದರೆ, ಜೇಸನ್‌ಗೆ ಸಮನಾದ ಆಯ್ಕೆಯಿಲ್ಲ. ಭಾರತದ ಜಿಎಸ್‌ಟಿ ಇ-ಇನ್‌ವಾಯ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಅಕ್ಟೋಬರ್ 1ರಂದು 500 ಕೋಟಿಗೂ ಹೆಚ್ಚು ವಹಿವಾಟಿನ ವ್ಯಾಪಾರಿಗಳಿಗೆ ಕಡ್ಡಾಯವಾದ ಈ ವ್ಯವಸ್ಥೆ, ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಯಿತು. ಮಾರಾಟಗಾರರು ಯಾವ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸಿದರೂ ಸರಿ, ಬಿಲ್ಲನ್ನು ನಿಗದಿತ ಜೇಸನ್ ರಚನೆಯಲ್ಲಿ ಪೋರ್ಟಲ್‌ಗೆ ಕಳಿಸಬೇಕು. ಪೋರ್ಟಲ್ ಅದನ್ನು ಪರೀಕ್ಷಿಸಿ 64 ಅಕ್ಷರಗಳ ಒಂದು ಗುರುತುಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು, ದಿನಾಂಕ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಓರೆಗೆರೆ ಹಾಕಿ ಬರೆದಿರಬೇಕು ಎಂಬಂಥ ನಿಯಮಗಳನ್ನು ಹೇಳುವುದಕ್ಕೆ ಸ್ಕೀಮಾ ಬೇಕು. ಇಷ್ಟು ಬಗೆಯ ಸಾಫ್ಟ್‌ವೇರ್‌ಗಳು ಸೇರುವ ಕಡೆ ಬೈನರಿ ರೂಪವೊಂದನ್ನು ಹೇರಿದ್ದರೆ, ಒಂದು ತಪ್ಪು ಬಿಲ್ಲನ್ನು ತೆರೆದು ಕಣ್ಣಿನಿಂದ ನೋಡುವುದಕ್ಕೂ ಪ್ರತ್ಯೇಕ ಉಪಕರಣ ಬೇಕಾಗುತ್ತಿತ್ತು.

ಜೇಸನ್ ಸ್ಕೀಮಾ ಮೂಲತಃ ಪರಿಶೀಲನೆಯ ಭಾಷೆ ಎಂಬುದನ್ನು ಮರೆಯಬಾರದು. ಕೊಟ್ಟ ದಾಖಲೆ ನಿಯಮಕ್ಕೆ ಒಪ್ಪುತ್ತದೆಯೇ ಇಲ್ಲವೇ ಎಂದು ಹೇಳುವುದು ಅದರ ಕೆಲಸ; ಅದರಿಂದ ಜಾವಾ ಅಥವಾ ಗೋ ಭಾಷೆಯ ಟೈಪ್‌ಗಳನ್ನು ಹುಟ್ಟಿಸುವುದು ಎರಡನೆಯ ಕೆಲಸ, ಮತ್ತು "ಇವುಗಳಲ್ಲಿ ಒಂದು ಮಾತ್ರ", "ಇವುಗಳಲ್ಲಿ ಯಾವುದಾದರೂ" ಎಂಬಂಥ ನಿಯಮಗಳು ಬಂದ ಕೂಡಲೇ ಹುಟ್ಟಿದ ಕೋಡ್ ಅಂದಗೆಡುತ್ತದೆ. ಆವೃತ್ತಿಗಳ ವಿಷಯದಲ್ಲೂ ಎಚ್ಚರ ಬೇಕು. ಡ್ರಾಫ್ಟ್-04, ಡ್ರಾಫ್ಟ್-07, 2019-09, 2020-12 ಎಂಬವೆಲ್ಲ ಇಂದಿಗೂ ಬಳಕೆಯಲ್ಲಿವೆ. ಎಪಿಐ ವಿವರಿಸುವ ಓಪನ್‌ಎಪಿಐನ 3.0 ಆವೃತ್ತಿಯಲ್ಲಿದ್ದದ್ದು ಜೇಸನ್ ಸ್ಕೀಮಾವನ್ನು ಹೋಲುವ, ಆದರೆ ಅದಕ್ಕೆ ಪೂರ್ತಿ ಹೊಂದದ ಒಂದು ರೂಪ. 2021ರ ಫೆಬ್ರುವರಿಯಲ್ಲಿ ಬಂದ 3.1ರಲ್ಲಿ ಅದನ್ನು 2020-12ರ ಜೊತೆ ಹೊಂದಿಸಲಾಯಿತು. ಎಪಿಐಗೂ ಸಂಗ್ರಹಕ್ಕೂ ಒಂದೇ ಸ್ಕೀಮಾ ಕಡತ ಬಳಸುವ ಆಸೆಯಿದ್ದರೆ 3.1ಕ್ಕಿಂತ ಹಿಂದಿನದರಿಂದ ಆರಂಭಿಸಬೇಡಿ.

ಸಂಖ್ಯೆಗಳಲ್ಲಿ ಒಂದು ಹಳ್ಳವಿದೆ. ಜೇಸನ್ ಮಾನಕ ಸಂಖ್ಯೆಗೆ ಗಾತ್ರದ ಮಿತಿ ಹಾಕಿಲ್ಲ, ಆದರೆ ಅದನ್ನು ಓದುವ ಜಾವಾಸ್ಕ್ರಿಪ್ಟ್ 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ನಂಬಿಕೆಯಿಂದ ಹಿಡಿದಿಡಬಲ್ಲದು. 9007199254740993 ಎಂದು ಕಳಿಸಿದರೆ ಬ್ರೌಸರ್‌ನಲ್ಲಿ 9007199254740992 ಎಂದು ಓದಿಕೊಳ್ಳುತ್ತದೆ, ಯಾವ ದೋಷಸಂದೇಶವೂ ಇಲ್ಲದೆ. 2010ರಲ್ಲಿ ಟ್ವಿಟರ್ ತನ್ನ ಟ್ವೀಟ್‌ಗಳಿಗೆ 64 ಬಿಟ್ ಗುರುತುಸಂಖ್ಯೆ ಕೊಡಲು ಹೊರಟಾಗ ಇದೇ ಕಾರಣಕ್ಕೆ ಅದೇ ಸಂಖ್ಯೆಯನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಕೊಡುವ ಇನ್ನೊಂದು ಫೀಲ್ಡ್ ಸೇರಿಸಬೇಕಾಯಿತು. 64 ಬಿಟ್ ಗುರುತುಸಂಖ್ಯೆಗಳನ್ನು ಮೊದಲ ದಿನದಿಂದಲೇ ಸ್ಟ್ರಿಂಗ್ ಆಗಿ ಕಳಿಸಿರಿ.

ಕನ್ನಡ ಪಠ್ಯ ಹೊತ್ತ ದಾಖಲೆಗಳಿಗೆ ಇನ್ನೂ ಒಂದು ಮಾತು ಸೇರಿಸಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಅಕ್ಷರಕ್ಕೂ 3 ಬೈಟ್ ಬೇಕು. "ಕರ್ನಾಟಕ" ಎಂಬ ಪದ ಕಣ್ಣಿಗೆ ನಾಲ್ಕು ಅಕ್ಷರ, ಹಲಂತ, ದೀರ್ಘದಂಥ ಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ ಏಳು, ಬೈಟ್ ಲೆಕ್ಕದಲ್ಲಿ 21. ಪೈಥಾನ್‌ನ ಜೇಸನ್ ಲೈಬ್ರರಿಯನ್ನು ಅದರ ಸಹಜ ಸೆಟ್ಟಿಂಗ್‌ನಲ್ಲಿಯೇ ಬಿಟ್ಟರೆ ಅದು ಪ್ರತಿ ಅಕ್ಷರವನ್ನೂ ಆರು ಬೈಟ್‌ಗಳ ಸಂಕೇತವಾಗಿ ಬರೆಯುತ್ತದೆ, ಹಾಗಾಗಿ ಅದೇ ಪದ 42 ಬೈಟ್ ಆಗುತ್ತದೆ. ಜೇಸನ್ ಸ್ಕೀಮಾದ ಗರಿಷ್ಠ ಉದ್ದದ ನಿಯಮ ಯೂನಿಕೋಡ್ ಅಕ್ಷರಗಳನ್ನು ಎಣಿಸುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ಹಾಗೆಯೇ. ಆದರೆ ಆರಕಲ್ ಡೇಟಾಬೇಸ್‌ನ ಸ್ಟ್ರಿಂಗ್ ಕಾಲಂ, ಬೇರೆ ಹೇಳದಿದ್ದರೆ, ಬೈಟ್‌ಗಳನ್ನು ಎಣಿಸುತ್ತದೆ. ಎಪಿಐ ಒಪ್ಪಿದ 20 ಅಕ್ಷರದ ಊರಿನ ಹೆಸರನ್ನು ಡೇಟಾಬೇಸ್ ತಳ್ಳಿಹಾಕುವುದು ಹೀಗೆ. ಇಂಗ್ಲಿಷ್ ಹೆಸರುಗಳಲ್ಲಿ ಮಾತ್ರ ಪರೀಕ್ಷೆ ನಡೆಸುವ ತಂಡಕ್ಕೆ ಇದು ಕಾಣುವುದೇ ಇಲ್ಲ. ಅಂದಹಾಗೆ, ಫೀಲ್ಡ್‌ಗಳ ಹೆಸರನ್ನೇ ಕನ್ನಡದಲ್ಲಿ ಇಡುವುದಕ್ಕೆ ಈ ಮೂರರಲ್ಲಿ ಜೇಸನ್ ಮಾತ್ರ ಒಪ್ಪುತ್ತದೆ. ಉಳಿದೆರಡಕ್ಕೂ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳೇ ಬೇಕು.

ಸ್ಕೀಮಾದಲ್ಲಿ ಹೇಳದ ಹೆಚ್ಚುವರಿ ಫೀಲ್ಡ್ ಬಂದರೆ ತಿರಸ್ಕರಿಸು ಎಂದು ಬರೆಯುವ ಸೌಲಭ್ಯವೂ ಜೇಸನ್ ಸ್ಕೀಮಾದಲ್ಲಿದೆ, ಮತ್ತು ಅದನ್ನು ಬಳಸುವ ಪ್ರಲೋಭನೆ ದೊಡ್ಡದು. ನನ್ನ ಅಭಿಪ್ರಾಯದಲ್ಲಿ ಹೊರಗಿನಿಂದ ಬರುವ ವಿನಂತಿಗಳಿಗೆ ಈ ಬಿಗಿ ಸರಿ, ಏಕೆಂದರೆ ಫೀಲ್ಡ್ ಹೆಸರಿನ ಕಾಗುಣಿತ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಆದರೆ ಸಂಗ್ರಹದಿಂದ ಅಥವಾ ಇನ್ನೊಂದು ಸರ್ವೀಸ್‌ನಿಂದ ಬರುವುದನ್ನು ಓದುವಾಗ ಈ ಬಿಗಿ ಇಟ್ಟರೆ, ಬರೆಯುವವರು ಹೊಸ ಫೀಲ್ಡ್ ಸೇರಿಸಿದ ದಿನವೇ ಓದುವ ಎಲ್ಲರೂ ನಿಂತುಹೋಗುತ್ತಾರೆ.

ಪ್ರೋಟೋಬಫ್: ಎರಡೂ ತುದಿ ನಿಮ್ಮದೇ ಆಗಿದ್ದಾಗ

ಗೂಗಲ್ 2001ರಿಂದ ಒಳಗೇ ಬಳಸುತ್ತಿದ್ದ ಪ್ರೋಟೋಕಾಲ್ ಬಫರ್ಸ್ 2008ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ಅದರ ಸ್ಕೀಮಾ ಕಡತದಲ್ಲಿ ಪ್ರತಿ ಫೀಲ್ಡ್‌ಗೂ ಒಂದು ಟೈಪ್, ಒಂದು ಹೆಸರು, ಒಂದು ಸಂಖ್ಯೆ ಇರುತ್ತದೆ. ಬೈಟ್‌ಗಳಲ್ಲಿ ಹೋಗುವುದು ಸಂಖ್ಯೆ ಮಾತ್ರ. 1ರಿಂದ 15ರವರೆಗಿನ ಸಂಖ್ಯೆಗಳಿಗೆ ಒಂದೇ ಬೈಟ್ ಸಾಕಾಗುವುದರಿಂದ ಅವುಗಳನ್ನು ಪ್ರತಿ ದಾಖಲೆಯಲ್ಲೂ ಬರುವ ಫೀಲ್ಡ್‌ಗಳಿಗೆ ಮೀಸಲಿಡುವುದು ಜಾಣತನ. ಹೆಸರು ಬದಲಿಸಿದರೆ ಬೈಟ್‌ಗಳಿಗೆ ಏನೂ ಆಗುವುದಿಲ್ಲ. ಸಂಖ್ಯೆ ಬದಲಿಸಿದರೆ ಎಲ್ಲವೂ ಹೋಗುತ್ತದೆ.

ಅದಕ್ಕಿಂತ ಕೆಟ್ಟದ್ದು ಸಂಖ್ಯೆಯ ಮರುಬಳಕೆ. ನಾನಿದ್ದ ಒಂದು ತಂಡದಲ್ಲಿ 7ನೇ ಫೀಲ್ಡ್ ರಿಯಾಯಿತಿಯ ಸಂಕೇತವಾಗಿತ್ತು. ಅದು ಬೇಡವಾದಾಗ ಅಳಿಸಿದೆವು. ಕೆಲವು ತಿಂಗಳ ನಂತರ ಇನ್ನೊಬ್ಬರು ಖಾಲಿ ಕಂಡ 7ನ್ನೇ ಸರಕಿನ ತೂಕಕ್ಕೆ ಕೊಟ್ಟರು. ಎರಡೂ ಪೂರ್ಣಾಂಕಗಳಾದ್ದರಿಂದ ಓದುವ ಕೋಡ್ ಗೊಣಗಲಿಲ್ಲ, ಹಳೆಯ ದಾಖಲೆಗಳ ರಿಯಾಯಿತಿ ಸಂಕೇತಗಳೆಲ್ಲ ಕಿಲೋಗಳಾಗಿ ವರದಿಯಲ್ಲಿ ಕೂಡಿಕೊಂಡವು. ಅಳಿಸಿದ ಸಂಖ್ಯೆಯನ್ನೂ ಹೆಸರನ್ನೂ ಕಾಯ್ದಿರಿಸಲು ಪ್ರೋಟೋಬಫ್‌ನಲ್ಲಿಯೇ ಒಂದು ಘೋಷಣೆ ಇದೆ. ಅದನ್ನು ಬರೆಯದೆ ಯಾವ ಫೀಲ್ಡನ್ನೂ ಅಳಿಸಬಾರದು ಎಂಬುದನ್ನು ಮನುಷ್ಯರ ನೆನಪಿಗೆ ಬಿಡದೆ, ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟುವ ಬಿಲ್ಡ್ ಹಂತದಲ್ಲಿಯೇ ತಡೆಯುವ ಪರೀಕ್ಷೆಯನ್ನು ಇಡಬೇಕು.

ಇನ್ನೊಂದು ವಿಷಯ ಶೂನ್ಯದ್ದು. 2016ರಲ್ಲಿ ಬಂದ, ಪ್ರೋಟೋಬಫ್‌ನ ಮೂರನೇ ತಲೆಮಾರಿನ ಸ್ಕೀಮಾ ಭಾಷೆಯಲ್ಲಿ, ಸಂಖ್ಯೆಯ ಫೀಲ್ಡ್‌ನ ಮೌಲ್ಯ ಸೊನ್ನೆಯಾಗಿದ್ದರೆ ಅದನ್ನು ಬೈಟ್‌ಗಳಲ್ಲಿ ಬರೆಯುವುದೇ ಇಲ್ಲ. ಓದುವವರಿಗೆ ಫೀಲ್ಡ್ ಕಾಣದಿದ್ದರೆ ಸೊನ್ನೆ ಎಂದು ತಿಳಿಯುತ್ತಾರೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಕೊಡಲಾಗುತ್ತಿದೆ. ಅಂಥ ಟಿಕೆಟ್‌ನಲ್ಲಿ "ಪ್ರಯಾಣಿಕರು ಕೊಟ್ಟ ಹಣ ಸೊನ್ನೆ" ಎಂಬುದು ಒಂದು ನಿಜವಾದ ಮಾಹಿತಿ. ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುವ ಲೆಕ್ಕ ಅಂಥ ಟಿಕೆಟ್‌ಗಳ ಮೇಲೆಯೇ ನಿಂತಿದೆ. "ಯಂತ್ರ ಕೆಟ್ಟು ದರ ದಾಖಲಾಗಲಿಲ್ಲ" ಎಂಬುದು ಪೂರ್ತಿ ಬೇರೆ ಮಾಹಿತಿ. ಇಂಥ ದಾಖಲೆಯನ್ನು ಪ್ರೋಟೋಬಫ್‌ನಲ್ಲಿ ವಿನ್ಯಾಸ ಮಾಡುವವರು ಎರಡನ್ನೂ ಬೇರ್ಪಡಿಸದಿದ್ದರೆ ಬೈಟ್‌ಗಳಲ್ಲಿ ಅವು ಒಂದೇ ಆಗಿಬಿಡುತ್ತವೆ. 2021ರ 3.15 ಆವೃತ್ತಿಯಿಂದ ಫೀಲ್ಡನ್ನು ಐಚ್ಛಿಕ ಎಂದು ಗುರುತಿಸಿ, ಅದು ಬಂದಿದೆಯೇ ಇಲ್ಲವೇ ಎಂದು ಕೇಳುವ ಸೌಲಭ್ಯ ಸಹಜವಾಗಿಯೇ ಸಿಗುತ್ತದೆ. ಹಣ, ತೂಕ, ಅಳತೆ ಯಾವುದೇ ಇರಲಿ, ಸೊನ್ನೆಗೆ ಅರ್ಥವಿರುವ ಕಡೆಯೆಲ್ಲ ಅದನ್ನು ಬಳಸಿ. ಟಿಕೆಟ್‌ನಲ್ಲಿ ನಾನಾದರೆ ಮೂಲ ದರಕ್ಕೆ ಒಂದು, ಪ್ರಯಾಣಿಕರು ಕೊಟ್ಟ ಹಣಕ್ಕೆ ಇನ್ನೊಂದು ಫೀಲ್ಡ್ ಇಟ್ಟು, ಟಿಕೆಟ್ ಬಗೆಯ ಪಟ್ಟಿಯಲ್ಲಿ ಸೊನ್ನೆಯ ಸ್ಥಾನವನ್ನು "ಹೇಳಿಲ್ಲ" ಎಂಬುದಕ್ಕೇ ಬಿಡುತ್ತೇನೆ.

ಹಳೆಯ ಕೋಡ್ ತನಗೆ ಗೊತ್ತಿಲ್ಲದ ಫೀಲ್ಡನ್ನು ಕಂಡಾಗ ಏನು ಮಾಡುತ್ತದೆ ಎಂಬುದೂ ಮುಖ್ಯ. ಮೂರನೇ ತಲೆಮಾರಿನ ಮೊದಲ ಆವೃತ್ತಿಗಳು ಅದನ್ನು ಎಸೆಯುತ್ತಿದ್ದವು, 2017ರ 3.5ರಿಂದ ಅದನ್ನು ಹಾಗೆಯೇ ಕಾಪಾಡಿ ಮುಂದೆ ಕಳಿಸುವ ಕ್ರಮ ಮರಳಿ ಬಂತು. ನಡುವಿನ ಸರ್ವೀಸ್ ಒಂದು ದಾಖಲೆಯನ್ನು ಓದಿ, ಒಂದು ಫೀಲ್ಡ್ ತಿದ್ದಿ, ಮತ್ತೆ ಬರೆಯುವ ವ್ಯವಸ್ಥೆಗಳಲ್ಲಿ ಇದೊಂದೇ ಕಾರಣಕ್ಕೆ ಪ್ರೋಟೋಬಫ್ ಆರಿಸಿಕೊಳ್ಳಬಹುದು. ಆದರೆ ನಡುವೆ ಎಲ್ಲಾದರೂ ಅದನ್ನು ಜೇಸನ್‌ಗೆ ಪರಿವರ್ತಿಸಿದರೆ ಗೊತ್ತಿಲ್ಲದ ಫೀಲ್ಡ್‌ಗಳು ಅಲ್ಲಿಯೇ ಉದುರಿಹೋಗುತ್ತವೆ.

ದೀರ್ಘಕಾಲದ ಸಂಗ್ರಹಕ್ಕೆ ಪ್ರೋಟೋಬಫ್ ಅಷ್ಟು ಹೊಂದುವುದಿಲ್ಲ. ಒಂದು ಸಂದೇಶ ಎಲ್ಲಿ ಮುಗಿಯಿತು ಎಂಬುದನ್ನು ಬೈಟ್‌ಗಳು ತಾವೇ ಹೇಳುವುದಿಲ್ಲವಾದ್ದರಿಂದ ಕಡತದಲ್ಲಿ ಸಾಲಾಗಿ ಬರೆಯುವಾಗ ಪ್ರತಿಯೊಂದರ ಮುಂದೆ ಉದ್ದವನ್ನು ನೀವೇ ಬರೆಯಬೇಕು. ಸ್ಕೀಮಾ ಕಡತ ಕಳೆದುಹೋದರೆ ಉಳಿಯುವುದು ಸಂಖ್ಯೆ ಮತ್ತು ಮೌಲ್ಯಗಳ ಜೋಡಿ ಮಾತ್ರ, ಅರ್ಥವಲ್ಲ.

ಆವ್ರೋ: ಬರೆದವರು ಹೋದ ಮೇಲೂ ಓದಬೇಕಾದಾಗ

ದೊಡ್ಡ ದತ್ತಾಂಶವನ್ನು ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿ ಸಂಸ್ಕರಿಸುವ ಹಡೂಪ್ ಕಟ್ಟಿದ ಡಗ್ ಕಟಿಂಗ್ 2009ರಲ್ಲಿ ಆರಂಭಿಸಿದ ಆವ್ರೋ ಹುಟ್ಟಿದ್ದೇ ದೊಡ್ಡ ಸಂಗ್ರಹಗಳ ಚಿಂತೆಯಿಂದ. ಆವ್ರೋ ಕಡತದ ತಲೆಯಲ್ಲಿಯೇ ಸ್ಕೀಮಾ ಪೂರ್ತಿಯಾಗಿ ಬರೆದಿರುತ್ತದೆ. ಆ ನಂತರದ ದಾಖಲೆಗಳು ಬರೀ ಮೌಲ್ಯಗಳ ಸಾಲು. ನಡುನಡುವೆ 16 ಬೈಟ್‌ಗಳ ಗುರುತು ಇರುವುದರಿಂದ ದೊಡ್ಡ ಕಡತವನ್ನು ತುಂಡುಮಾಡಿ ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಓದಬಹುದು. ಹತ್ತು ವರ್ಷದ ನಂತರ, ಬರೆದ ತಂಡದಲ್ಲಿ ಒಬ್ಬರೂ ಉಳಿದಿರದಿದ್ದರೂ, ಕಡತ ತಾನು ಏನೆಂದು ತಾನೇ ಹೇಳುತ್ತದೆ.

ಓದುವಾಗ ಎರಡು ಸ್ಕೀಮಾ ಇರುತ್ತವೆ: ಬರೆದವರದು ಮತ್ತು ಓದುವವರದು. ಆವ್ರೋ ಇವೆರಡನ್ನೂ ಹೆಸರಿನಿಂದ ಹೊಂದಿಸುತ್ತದೆ. ಬರೆದವರಲ್ಲಿದ್ದು ಓದುವವರಲ್ಲಿ ಇಲ್ಲದ್ದನ್ನು ದಾಟಿಹೋಗುತ್ತದೆ. ಓದುವವರಲ್ಲಿದ್ದು ಬರೆದವರಲ್ಲಿ ಇಲ್ಲದ್ದಕ್ಕೆ ಓದುವವರು ಕೊಟ್ಟ ಪೂರ್ವನಿಯೋಜಿತ ಮೌಲ್ಯವನ್ನು ತುಂಬುತ್ತದೆ, ಅಂಥ ಮೌಲ್ಯ ಇಲ್ಲದಿದ್ದರೆ ದೋಷ ತೋರಿಸುತ್ತದೆ. ಆದ್ದರಿಂದ ಹೊಸದಾಗಿ ಸೇರಿಸುವ ಪ್ರತಿ ಫೀಲ್ಡ್‌ಗೂ ಪೂರ್ವನಿಯೋಜಿತ ಮೌಲ್ಯ ಕೊಡುವುದು ಇಲ್ಲಿನ ಮೊದಲ ಶಿಸ್ತು.

ಪ್ರೋಗ್ರಾಮ್‌ಗಳ ನಡುವೆ ಒಂದೊಂದೇ ಸಂದೇಶ ಹರಿಸುವ ಕಾಫ್ಕಾದಂಥ ವ್ಯವಸ್ಥೆಯಲ್ಲಿ ಪ್ರತಿ ಸಂದೇಶಕ್ಕೂ ಪೂರ್ತಿ ಸ್ಕೀಮಾ ಅಂಟಿಸಲಾಗದು. ಅಲ್ಲಿ ಸ್ಕೀಮಾಗಳನ್ನು ಒಂದು ರಿಜಿಸ್ಟ್ರಿಯಲ್ಲಿ ಇಟ್ಟು, ಸಂದೇಶದ ಮುಂದೆ ಅದರ ಸಂಖ್ಯೆಯನ್ನಷ್ಟೇ ಬರೆಯುತ್ತಾರೆ. ಕಾನ್‌ಫ್ಲುಯೆಂಟ್ ಕಂಪನಿಯ ರಿಜಿಸ್ಟ್ರಿಯ ಪದ್ಧತಿಯಲ್ಲಿ ಇದಕ್ಕೆ ಒಟ್ಟು 5 ಬೈಟ್. ಹೊಸ ಸ್ಕೀಮಾ ಹಳೆಯದಕ್ಕೆ ಹೊಂದುತ್ತದೆಯೇ ಎಂದು ರಿಜಿಸ್ಟ್ರಿಯೇ ಪರೀಕ್ಷಿಸುತ್ತದೆ. "ಹಿಂದಕ್ಕೆ ಹೊಂದಿಕೆ" ಎಂದರೆ ಹೊಸ ಸ್ಕೀಮಾದಿಂದ ಹಳೆಯ ದತ್ತಾಂಶವನ್ನು ಓದಬಹುದು, ಹಾಗಾಗಿ ಓದುವವರನ್ನು ಮೊದಲು ನವೀಕರಿಸಬೇಕು. "ಮುಂದಕ್ಕೆ ಹೊಂದಿಕೆ" ಎಂದರೆ ಹಳೆಯ ಸ್ಕೀಮಾದಿಂದ ಹೊಸ ದತ್ತಾಂಶವನ್ನು ಓದಬಹುದು, ಬರೆಯುವವರು ಮೊದಲು. ಸಹಜವಾಗಿ ಜಾರಿಯಲ್ಲಿರುವುದು ಹಿಂದಕ್ಕೆ ಹೊಂದಿಕೆ, ಅದೂ ಕೊನೆಯ ಒಂದು ಆವೃತ್ತಿಯ ಜೊತೆ ಮಾತ್ರ. ಸಂದೇಶಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವವರು ಎಲ್ಲ ಹಳೆಯ ಆವೃತ್ತಿಗಳ ಜೊತೆಗೂ ಹೋಲಿಸುವ ಆಯ್ಕೆಯನ್ನು ತಪ್ಪದೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಪ್ರತಿ ಹೆಜ್ಜೆಯೂ ಸರಿಯಾಗಿದ್ದು, ಮೂರನೇ ಹೆಜ್ಜೆಯಲ್ಲಿ ನಿಂತು ನೋಡಿದಾಗ ಮೊದಲ ಹೆಜ್ಜೆಯ ದತ್ತಾಂಶ ಓದಲಾಗದ ಸ್ಥಿತಿ ಬರುತ್ತದೆ.

ಆವ್ರೋದ ಅಪಾಯವೂ ಅದರ ಗುಣದಿಂದಲೇ ಬರುತ್ತದೆ. ರಿಜಿಸ್ಟ್ರಿ ಸಿಗದಿದ್ದರೆ ಸಂದೇಶಗಳು ಬರೀ ಬೈಟ್‌ಗಳು, ಮತ್ತು ತಪ್ಪು ಸ್ಕೀಮಾ ಹಿಡಿದು ಓದಿದರೆ ಎರಡು ಪೂರ್ಣಾಂಕಗಳು ಸದ್ದಿಲ್ಲದೆ ಅದಲುಬದಲಾಗಬಹುದು. ರಿಜಿಸ್ಟ್ರಿಯನ್ನು ಡೇಟಾಬೇಸ್‌ನಷ್ಟೇ ಜತನದಿಂದ ಬ್ಯಾಕಪ್ ಮಾಡಲಾಗದ ಸಣ್ಣ ತಂಡಕ್ಕೆ ಸಂದೇಶಗಳ ಹರಿವಿನಲ್ಲಿ ಆವ್ರೋ ಬಳಸುವ ಸಲಹೆಯನ್ನು ನಾನು ಕೊಡುವುದಿಲ್ಲ. ಕಡತವಾಗಿ ಬಳಸಲು ಅಡ್ಡಿಯಿಲ್ಲ.

ಈ ಮೂರರ ಜೊತೆಗೆ ಇನ್ನೆರಡು ಹೆಸರುಗಳೂ ಕೇಳಿಬರುತ್ತವೆ. ಫೇಸ್‌ಬುಕ್‌ನಿಂದ 2007ರಲ್ಲಿ ಬಂದ ಥ್ರಿಫ್ಟ್ ಪ್ರೋಟೋಬಫ್‌ನಂತೆಯೇ ಸಂಖ್ಯೆಗಳನ್ನು ನಂಬಿದ್ದು, ಈಗಾಗಲೇ ಬಳಸುತ್ತಿರುವವರು ಮುಂದುವರಿಸಬಹುದು. 2013ರಲ್ಲಿ ಬಂದ ಪಾರ್ಕೆ ಕಾಲಂ ಪ್ರಕಾರ ಜೋಡಿಸುವ ಕಡತರೂಪ. ಕೋಟಿ ಟಿಕೆಟ್‌ಗಳಲ್ಲಿ ದರದ ಕಾಲಂ ಒಂದನ್ನೇ ಕೂಡಿಸುವ ವಿಶ್ಲೇಷಣೆಗೆ ಅದು ಸರಿ, ಒಂದೊಂದೇ ದಾಖಲೆ ಕಳಿಸುವ ಎಪಿಐಗೆ ಅಲ್ಲ.

ಎಪಿಐಗೂ ಸಂಗ್ರಹಕ್ಕೂ ಒಂದೇ ರಚನೆಯೇ?

ಒಂದು ಟೈಪ್ ಬರೆದು ಎರಡೂ ಕಡೆ ಬಳಸಿದರೆ ಕೆಲಸ ಉಳಿಯುತ್ತದೆ ಎಂಬುದು ನಿಜ, ಮೊದಲ ಆರು ತಿಂಗಳು. ಆಮೇಲೆ ಡೇಟಾಬೇಸ್‌ಗೆ ಒಂದು ಆಂತರಿಕ ಫೀಲ್ಡ್ ಬೇಕಾಗುತ್ತದೆ, ಅದು ಯಾರೂ ಬಯಸದೆ ಎಪಿಐನಲ್ಲಿ ಹೊರಬೀಳುತ್ತದೆ. ಯಾರೋ ಅದನ್ನು ನೆಚ್ಚಿಕೊಳ್ಳುತ್ತಾರೆ. ಅಂದಿನಿಂದ ಡೇಟಾಬೇಸ್ ಬದಲಿಸುವ ಸ್ವಾತಂತ್ರ್ಯ ಹೊರಗಿನವರ ಕೈಗೆ ಹೋಗುತ್ತದೆ. ಆದ್ದರಿಂದ ದಾಖಲೆಯ ಪೂರ್ತಿ ರಚನೆಯನ್ನು ಹಂಚಿಕೊಳ್ಳಬೇಡಿ. ದಾಖಲೆ ಕಟ್ಟುವ ಸಣ್ಣ ಇಟ್ಟಿಗೆಗಳನ್ನು ಹಂಚಿಕೊಳ್ಳಿ. ಹಣ, ದಿನಾಂಕ, ಸಮಯ, ವಿಳಾಸ, ನಿಲ್ದಾಣದ ಸಂಕೇತ ಇವುಗಳ ವ್ಯಾಖ್ಯೆ ಎಲ್ಲ ಕಡೆ ಒಂದೇ ಇರಲಿ, ಅವುಗಳಿಂದ ಕಟ್ಟಿದ ಟಿಕೆಟ್ ಎಪಿಐನಲ್ಲಿ ಒಂದು ರೀತಿ, ಸಂಗ್ರಹದಲ್ಲಿ ಇನ್ನೊಂದು ರೀತಿ ಇರಲಿ. ನಡುವಿನ ಪರಿವರ್ತನೆಯ ಕೋಡ್ ಬರೆಯಲು ಬೇಸರವಾದರೂ ಅದನ್ನು ಬರೆಯುವುದೇ ಲೇಸು.

ಈ ಇಟ್ಟಿಗೆಗಳಲ್ಲಿ ಎರಡರ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಹಣವನ್ನು ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಹಿಡಿದಿಡುವ ಸಂಖ್ಯಾರೂಪ) ಆಗಿ ಎಲ್ಲಿಯೂ ಇಡಬೇಡಿ; 0.1ಕ್ಕೆ 0.2 ಕೂಡಿಸಿದರೆ ಅದು 0.30000000000000004 ಎನ್ನುತ್ತದೆ. ಪೈಸೆಯ ಪೂರ್ಣಾಂಕ ಮೂರೂ ರೂಪಗಳಲ್ಲಿ ಸುರಕ್ಷಿತ. ಎರಡನೆಯದಾಗಿ, ಬರೀ ದಿನಾಂಕವನ್ನು ಸಮಯದ ಟೈಪ್‌ನಲ್ಲಿ ತುರುಕಬೇಡಿ. ಭಾರತದ ಮಧ್ಯರಾತ್ರಿ 12 ಗಂಟೆ ಎಂದರೆ ಜಾಗತಿಕ ಸಮಯದಲ್ಲಿ ಹಿಂದಿನ ದಿನದ ಸಂಜೆ 6:30. ಹಾಗೆ ಉಳಿಸಿದ ಹುಟ್ಟಿದ ದಿನವನ್ನು ಬೇರೊಂದು ಸರ್ವರ್ ಓದಿದಾಗ ಒಂದು ದಿನ ಹಿಂದೆ ಸರಿಯುತ್ತದೆ.

ಇನ್ನು ಆಯ್ಕೆ. ಮೊದಲಿಗೆ ಹೇಳಿದ ಟಿಕೆಟ್ ವ್ಯವಸ್ಥೆಯನ್ನು ನನಗೆ ಕಟ್ಟಲು ಕೊಟ್ಟರೆ, ಯಂತ್ರದಿಂದ ಸರ್ವರ್‌ಗೆ ಪ್ರೋಟೋಬಫ್ ಇಡುತ್ತೇನೆ, ಏಕೆಂದರೆ ಎರಡೂ ತುದಿ ಒಂದೇ ಸಂಸ್ಥೆಯದು, ನೆಟ್‌ವರ್ಕ್ ದುರ್ಬಲ, ಹಳೆಯ ಯಂತ್ರಗಳು ಬಹುಕಾಲ ಉಳಿಯುತ್ತವೆ. ಹೊರಗಿನ ಆ್ಯಪ್‌ಗಳಿಗೆ ಓಪನ್‌ಎಪಿಐ 3.1ರಲ್ಲಿ ವಿವರಿಸಿದ ಜೇಸನ್ ಕೊಡುತ್ತೇನೆ. ವರ್ಷಗಳ ಸಂಗ್ರಹಕ್ಕೆ ಆವ್ರೋ ಕಡತಗಳು, ವಿಶ್ಲೇಷಣೆಗೆ ಅವುಗಳಿಂದ ತಯಾರಿಸಿದ ಪಾರ್ಕೆ. ನಾಲ್ಕೈದು ಜನರ ತಂಡವಾಗಿದ್ದು, ದಿನಕ್ಕೆ ಕೆಲವು ಸಾವಿರ ದಾಖಲೆಗಳಷ್ಟೇ ಇದ್ದರೆ ಇಷ್ಟೆಲ್ಲ ಬೇಡ. ಜೇಸನ್ ಸ್ಕೀಮಾ ಒಂದೇ ಇಟ್ಟುಕೊಂಡು, ದತ್ತಾಂಶವನ್ನು ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಟೇಬಲ್‌ಗಳಲ್ಲಿ ಉಳಿಸುವುದು ಸಾಕು.

ಯಾವುದನ್ನೇ ಆರಿಸಿದರೂ ಒಂದು ಫೋಲ್ಡರ್ ಮಾತ್ರ ಇರಲೇಬೇಕು: ಸ್ಕೀಮಾದ ಪ್ರತಿ ಆವೃತ್ತಿಯಲ್ಲೂ ನಿಜವಾಗಿ ಬರೆಯಲಾದ ಕೆಲವು ಮಾದರಿ ಕಡತಗಳು, ಅವುಗಳಲ್ಲಿ ಒಂದು ಕನ್ನಡ ಹೆಸರುಳ್ಳದ್ದು, ಒಂದು ಶೂನ್ಯ ದರದ್ದು, ಒಂದು 64 ಬಿಟ್‌ನ ಅತಿ ದೊಡ್ಡ ಸಂಖ್ಯೆಯದ್ದು. ಕೋಡ್ ಬದಲಾದಾಗಲೆಲ್ಲ ಬಿಲ್ಡ್ ಅವೆಲ್ಲವನ್ನೂ ಮತ್ತೆ ಓದಿ, ಬರೆದ ದಿನ ಇದ್ದ ಮೌಲ್ಯವೇ ಬಂದಿದೆಯೇ ಎಂದು ನೋಡಲಿ. ಬರದಿದ್ದರೆ ಆ ಬದಲಾವಣೆ ಮುಂದೆ ಹೋಗದಿರಲಿ.